ಕಂಕಣ ಕಟ್ಟುವ ತನಕ

ಬೆಳಗಿನ ಜಾವ ಬಂದ ಒಂದು ಫೋನನ್ನು ಎತ್ತದೆ ಬಿಟ್ಟದ್ದೇ ಲಕ್ಷ್ಮೀಪತಯ್ಯನವರ ಆ ದಿನದ ಪಜೀತಿಗೆಲ್ಲ ಮೂಲ. ಎತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇರದಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಅವರು ಆಗ ತಾನೇ ತಲೆಗೆ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದರು. ಅಡುಗೆಮನೆಯ ಗೂಡಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿ ಜಾನಕಮ್ಮ ಹೋಗಿ ಹೆಸರು ನೋಡಿದರು. ಶ್ರೀಹರಿ, ಅಂದರೆ ಹಳ್ಳಿಯಲ್ಲಿರುವ ದೊಡ್ಡಪ್ಪ ಗೋಪಾಲಯ್ಯನವರ ಅಳಿಯ. ದೊಡ್ಡಪ್ಪ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಇವತ್ತೋ ನಾಳೆಯೋ ಅನ್ನಿಸಿಕೊಳ್ಳುತ್ತಲೇ ಎರಡು ಯುಗಾದಿ ದಾಟಿದ್ದರು. ಅಂಥ ಮನೆಯಿಂದ ಬೆಳಕು ಹರಿಯುವ ಮುಂಚೆ ಫೋನು ಬಂದರೆ ಅದರೊಳಗಿರುವ ಸುದ್ದಿ ಒಂದೇ.

"ಎತ್ಬೇಡಿ," ಎಂದರು ಜಾನಕಮ್ಮ.

"ದೊಡ್ಡಪ್ಪ ಕಣೇ."

"ಅದಕ್ಕೇ ಎತ್ಬೇಡಿ ಅಂದಿದ್ದು. ಕೇಳಿದ್ರೆ ಸೂತಕ. ಕೇಳದೆ ಇದ್ರೆ ಏನಿಲ್ಲ."

ಆಕೆ ಹೇಳಿದ್ದು ಶಾಸ್ತ್ರವೇ. ದಾಯಾದಿ ತೀರಿಕೊಂಡರೆ ಹತ್ತು ದಿನ ಮೈಲಿಗೆ, ದೇವರ ಹತ್ತಿರ ಸುಳಿಯುವ ಹಾಗಿಲ್ಲ. ಆದರೆ ಸುದ್ದಿ ಕಿವಿಗೆ ಬೀಳುವ ತನಕ ಆ ಮೈಲಿಗೆ ಅಂಟುವುದಿಲ್ಲ. ಇನ್ನೊಂದು ಅನುಕೂಲವೂ ಇತ್ತು. ದೇವರ ಪ್ರತಿಷ್ಠೆಗೆ ಯಜಮಾನನಾಗಿ ಕೂತು ಕೈಗೆ ಕಂಕಣ ಕಟ್ಟಿಸಿಕೊಂಡುಬಿಟ್ಟರೆ, ಅದನ್ನು ಬಿಚ್ಚುವ ತನಕ ಯಾರು ಸತ್ತರೂ ಸೂತಕ ತಟ್ಟುವುದಿಲ್ಲ. ಬಡಾವಣೆಯ ಹೊಸ ಗಣಪತಿ ಗುಡಿಯಲ್ಲಿ ಲಕ್ಷ್ಮೀಪತಯ್ಯನವರಿಗೆ ಕಂಕಣ ಕಟ್ಟುವ ಲಗ್ನ ಇದ್ದದ್ದು ಹನ್ನೊಂದು ಗಂಟೆಯ ಮೇಲೆ. ಅಲ್ಲಿಯ ತನಕ ಕಿವಿ ಭದ್ರ ಮಾಡಿಕೊಂಡರೆ ಸಾಕು. ಜಾನಕಮ್ಮ ಫೋನಿನ ಬಾಯಿ ಮುಚ್ಚಿಸಿ, ಅದನ್ನು ಅಕ್ಕಿ ಡಬ್ಬದಲ್ಲಿ ಹೂತು, ಮುಚ್ಚಳ ಒತ್ತಿದರು.

ಲಕ್ಷ್ಮೀಪತಯ್ಯನವರು ಯಜಮಾನರಾದದ್ದು ಅವರ ಯೋಗ್ಯತೆಯಿಂದ ಎಂದು ಯಾರೂ ಹೇಳುವಂತಿರಲಿಲ್ಲ. ತಿಪಟೂರಿನ ಆ ಬಡಾವಣೆಯಲ್ಲಿ ಗುಡಿ ಕಟ್ಟಿಸಿದವರು ಕೊಬ್ಬರಿ ಮಂಡಿಯ ಪುಟ್ಟರಂಗಪ್ಪನವರು. ಆದರೆ ಅವರಿಗೆ ಹೆಂಡತಿ ಇರಲಿಲ್ಲ. ಯಜಮಾನನ ಮಣೆಯ ಪಕ್ಕದ ಮಣೆಯಲ್ಲಿ ಹೆಂಡತಿ ಕೂರಲೇಬೇಕು. ಸಮಿತಿಯ ಕಾರ್ಯದರ್ಶಿಗೆ ಹೆಂಡತಿ ಇದ್ದರೂ ಆಕೆ ಅವರ ಜೊತೆ ಒಂದೇ ಸೋಫಾದಲ್ಲಿ ಕೂತು ವರ್ಷಗಳಾಗಿದ್ದವು, ಮಣೆಯ ಮಾತು ದೂರವೇ ಉಳಿಯಿತು. ಹೀಗೆ ಜರಡಿ ಹಿಡಿಯುತ್ತ ಬಂದಾಗ ಕೊನೆಗೆ ಮೇಲೆ ಉಳಿದ ಜೋಡಿ ಇವರದು.

ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗಾಜಿನ ಬುರುಡೆ ತೊಳೆಯುತ್ತ ನಿವೃತ್ತರಾದ ಮನುಷ್ಯ. ವಾರ್ಷಿಕೋತ್ಸವಗಳಲ್ಲಿ ಕುರ್ಚಿ ಹೊತ್ತವರು, ಕೂತವರಲ್ಲ. ಮದುವೆಮನೆಯ ಫೋಟೋಗಳಲ್ಲಿ ಅವರ ಮೊಣಕೈ ಮಾತ್ರ ಬಂದಿರುತ್ತಿತ್ತು. ಆದರೆ ಈ ಯಜಮಾನಿಕೆಯ ಆಸೆ ಅವರಿಗೆ ಇವತ್ತಿನದಲ್ಲ. ಅಪ್ಪನನ್ನು ಕಳೆದುಕೊಂಡ ಕೂಸನ್ನು ಸಾಕಿದವರು ದೊಡ್ಡಪ್ಪ. ಅವರ ಹೆಗಲ ಮೇಲೆ ಕೂತೇ ಲಕ್ಷ್ಮೀಪತಯ್ಯನವರು ಊರಿನ ಕೇಶವನ ಪ್ರತಿಷ್ಠೆ ನೋಡಿದ್ದು. "ಅಲ್ಲಿ ಕೂತಿದಾರಲ್ಲ ಪುಟ್ಟ, ಅವರೇ ಯಜಮಾನರು. ಕಲ್ಲಿಗೆ ಜೀವ ಬರೋದು ಅವರ ಕೈಯಿಂದ. ಒಂದಿನ ನೀನೂ ಕೂರ್ಬೇಕು," ಎಂದಿದ್ದರು ದೊಡ್ಡಪ್ಪ. ಹೋದ ತಿಂಗಳು ಇವರು ಹಳ್ಳಿಗೆ ಹೋಗಿ ವಿಷಯ ತಿಳಿಸಿದಾಗ, ದೊಡ್ಡಪ್ಪ ಮಲಗಿದಲ್ಲಿಂದಲೇ ಕೈ ಹಿಡಿದುಕೊಂಡು ಬಿಡಲಿಲ್ಲ. ಮಾತು ಹೊರಡುವುದೇ ಕಷ್ಟವಾಗಿದ್ದ ಗಂಟಲಿನಿಂದ ಏನೇನೋ ಹೇಳಿದರು, ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆ ಕೈಯ ಬಿಸಿ ನೆನೆದು ಲಕ್ಷ್ಮೀಪತಯ್ಯನವರು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಕೈ ಇಟ್ಟರು. ಆದರೂ ಫೋನು ಅಕ್ಕಿಯಲ್ಲೇ ಇರಲಿ ಎಂದುಕೊಂಡರು.

ಗುಟ್ಟು ಅಕ್ಕಿ ಡಬ್ಬದಲ್ಲಿ ಉಳಿಯಿತೇ ಹೊರತು ಮನೆಯಲ್ಲಿ ಉಳಿಯಲಿಲ್ಲ. ಪಕ್ಕದ ಮನೆಯ ಸರೋಜಮ್ಮನವರ ಅಡುಗೆಮನೆಯ ಕಿಟಕಿ ಇವರ ಕಿಟಕಿಗೆ ಮುಖ ಕೊಟ್ಟು ಕೂತಿತ್ತು. ಫೋನು ಬಡಿದುಕೊಂಡದ್ದು, ಜಾನಕಮ್ಮ ಅಂದದ್ದು, ಮುಚ್ಚಳ ಒತ್ತಿದ್ದು, ಎಲ್ಲವನ್ನೂ ಕೇಳಿಸಿಕೊಂಡ ಆಕೆ ಹಾಲು ಉಕ್ಕುವ ಮುಂಚೆಯೇ ಪುಟ್ಟರಂಗಪ್ಪನವರ ಬಾಗಿಲು ತಟ್ಟಿದ್ದರು.

ಪುಟ್ಟರಂಗಪ್ಪನವರು ಲೆಕ್ಕ ಹಾಕಿದರು. ಪೆಂಡಾಲು ಎದ್ದಿದೆ, ಮೈಸೂರಿನಿಂದ ದೀಕ್ಷಿತರು ಬಂದಿದ್ದಾರೆ, ವಿಗ್ರಹ ಹುಲ್ಲಿನ ಮೇಲೆ ಮಲಗಿದೆ. ಈ ಲಗ್ನ ತಪ್ಪಿದರೆ ಮತ್ತೆ ಒಳ್ಳೆ ಲಗ್ನ ಬರುವಷ್ಟರಲ್ಲಿ ಮಳೆಗಾಲ. ಅವರು ತಕ್ಷಣ ಸಮಿತಿಯವರನ್ನು ಸೇರಿಸಿ ಕಟ್ಟಪ್ಪಣೆ ಮಾಡಿದರು. ಕಂಕಣ ಆಗುವ ತನಕ ಯಜಮಾನರ ಹತ್ತಿರ ಯಾರೂ ಯಾವ ಮಾತೂ ಆಡಕೂಡದು. ಒಳ್ಳೆಯ ಮಾತೂ ಬೇಡ, ಯಾಕೆಂದರೆ ಜನರ ಬಾಯಲ್ಲಿ ಒಳ್ಳೆಯದು ಕೆಟ್ಟದ್ದಕ್ಕೆ ತಿರುಗಲು ಎಷ್ಟು ಹೊತ್ತು.

ಹೀಗಾಗಿ, ಬದುಕಿನಲ್ಲಿ ಮೊದಲ ಸಲ ಜರಿ ಪಂಚೆ ಉಟ್ಟು, ಹೊಸ ಶಲ್ಯ ಹೊದ್ದು ಲಕ್ಷ್ಮೀಪತಯ್ಯನವರು ಪೆಂಡಾಲಿಗೆ ಬಂದರೆ, ಒಬ್ಬರೂ ಮಾತಾಡಿಸಲಿಲ್ಲ. ಎದುರು ಬಂದವರು ಹಾದಿ ಬಿಟ್ಟು ಸರಿದರು. ಹೆಂಗಸರು ಮರುಕದಿಂದ ನೋಡಿ ಸೆರಗು ಬಾಯಿಗಿಟ್ಟುಕೊಂಡರು. ಕಾಫಿ ಹಂಚುತ್ತಿದ್ದವನು ಇವರನ್ನು ಕಂಡು ಲೋಟ ಕೆಳಗಿಟ್ಟು ತಲೆ ತಗ್ಗಿಸಿ ನಿಂತ. ಪಾಠಶಾಲೆಯ ಹಳೆಯ ಮೇಷ್ಟ್ರೊಬ್ಬರಿಗೆ ಅಪ್ಪಣೆ ತಲುಪಿರಲಿಲ್ಲ. ಅವರು ಹತ್ತಿರ ಬಂದು, "ಪಾಪ..." ಎಂದದ್ದೇ ತಡ, ಸಮಿತಿಯ ಇಬ್ಬರು ಅವರ ಎರಡೂ ತೋಳು ಹಿಡಿದು ಎಳೆದೊಯ್ದರು. ಮೇಷ್ಟ್ರು ಹೇಳಬೇಕೆಂದಿದ್ದದ್ದು ಪಾಪ, ಬೆಳಗಿಂದ ಉಪವಾಸ ಅಲ್ಲವೇ ಎಂದು. ಅದು ತಿಳಿದದ್ದು ಅವರನ್ನು ಪಾತ್ರೆಗಳ ಹಿಂದೆ ಕೂರಿಸಿ ವಿಚಾರಿಸಿದ ಮೇಲೆ.

ತಮ್ಮ ಸಂಭ್ರಮದ ದಿನ ಊರೆಲ್ಲ ತಮ್ಮನ್ನು ಹೆಣದ ಹಾಗೆ ನೋಡುತ್ತಿರುವುದು ಲಕ್ಷ್ಮೀಪತಯ್ಯನವರಿಗೆ ಅರ್ಥವಾಯಿತು. ಎಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ, ಗೊತ್ತಾಗಬಾರದು. ಜಾನಕಮ್ಮ ದೀಪದ ಬತ್ತಿಗೆ ತಂದಿದ್ದ ಹತ್ತಿಯನ್ನು ಉಂಡೆ ಮಾಡಿ ಅವರ ಕಿವಿಗಳಿಗೆ ತುರುಕಿದರು. ಅಲ್ಲಿಂದ ಮುಂದೆ ದೀಕ್ಷಿತರು ಕೈ ಚಾಚಿ ಎಂದರೆ ಕಾಲು ಚಾಚುತ್ತಿದ್ದರು, ಪೂರ್ವಕ್ಕೆ ತಿರುಗಿ ಎಂದರೆ ನಗುತ್ತಿದ್ದರು.

ಪುಟ್ಟರಂಗಪ್ಪನವರು ದೀಕ್ಷಿತರನ್ನು ಪಕ್ಕಕ್ಕೆ ಕರೆದು ಹೀಗೀಗೆ ಎನ್ನಲು ಬಾಯಿ ತೆರೆದರು. ದೀಕ್ಷಿತರು ಅನುಭವಸ್ಥರು, ಇಂಥ ಎಷ್ಟೋ ಪ್ರತಿಷ್ಠೆ ಮಾಡಿಸಿದವರು. ಅವರು ಕೈ ಅಡ್ಡ ಹಿಡಿದರು.

"ನಂಗೆ ಯಾರೂ ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಹನ್ನೊಂದರ ಮೇಲೆ ಏನು ಬೇಕಾದ್ರೂ ಹೇಳಿ, ಕೇಳ್ತೀನಿ."

ಹೊತ್ತು ಹತ್ತಕ್ಕೆ ಹತ್ತಿರವಾದಾಗ, ಪೆಂಡಾಲಿನ ಬಾಗಿಲಲ್ಲಿ ಸ್ವತಃ ಶ್ರೀಹರಿ ಕಾಣಿಸಿಕೊಂಡ. ಶ್ರೀಹರಿ ಒಳ್ಳೆಯವನು, ಹೇಳಿದ ಮಾತು ಕೇಳುವವನು. ಆದರೆ ಅವನ ಮುಖ ಹುಟ್ಟಿನಿಂದಲೇ ಸ್ಮಶಾನದಿಂದ ಈಗ ಬಂದವನದು. ತನ್ನ ಮದುವೆಯ ದಿನವೂ ಅವನನ್ನು ಕಂಡು ಇಬ್ಬರು ಮುದುಕಿಯರು ಯಾರು ಹೋದದ್ದು ಎಂದು ಕೇಳಿದ್ದರಂತೆ. ಅಂಥ ಮುಖ ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆವರಿ, ಕಣ್ಣು ಕೆಂಪಾಗಿ ಎದುರಿಗೆ ನಿಂತರೆ ಇನ್ನು ಹೇಳುವುದಕ್ಕೇನು ಉಳಿಯಿತು.

ಲಕ್ಷ್ಮೀಪತಯ್ಯನವರು ಅವನನ್ನು ಕಂಡರು, ಅವನು ಅವರನ್ನು ಕಂಡ. ಅವನು ಕೈ ಎತ್ತಿ, "ಭಾವ," ಎಂದ. ಯಜಮಾನರು ಜರಿ ಪಂಚೆ ಮೊಣಕಾಲ ತನಕ ಎತ್ತಿ ಹಿಡಿದು ಓಡಿದರು. ಹೋಮಕುಂಡದ ಇಟ್ಟಿಗೆ ದಾಟಿ, ಹೂವಿನ ಬುಟ್ಟಿ ಒದ್ದು, ಗುಡಿಯ ಹಿಂದಿನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಅದು ಭತ್ತ ತುಂಬಿದ್ದ ಕೋಣೆ. ವಿಗ್ರಹವನ್ನು ಮೊದಲು ನೀರಿನಲ್ಲಿ, ಮಾರನೆಯ ದಿನ ಧಾನ್ಯದಲ್ಲಿ ಮಲಗಿಸುವುದು ಪದ್ಧತಿ. ಅದಕ್ಕೆಂದು ಊರವರು ಕೊಟ್ಟ ಭತ್ತ ಅಲ್ಲಿ ರಾಶಿ ಬಿದ್ದಿತ್ತು. ದೇವರು ಮಲಗಬೇಕಾದ ಜಾಗದಲ್ಲಿ ಯಜಮಾನರು ಸೊಂಟದ ತನಕ ಹೂತುಕೊಂಡು ಕೂತರು. ಭತ್ತದ ಮುಳ್ಳು ಮೈಯೆಲ್ಲ ಚುಚ್ಚಿತು.

ಇತ್ತ ಬಾಗಿಲಲ್ಲಿ ಪುಟ್ಟರಂಗಪ್ಪನವರು ಶ್ರೀಹರಿಯ ಬಾಯಿಗೇ ತಮ್ಮ ಅಂಗೈ ಒತ್ತಿದ್ದರು.

"ಏನೂ ಹೇಳಬ್ಯಾಡಿ ಸ್ವಾಮಿ. ಒಂದಕ್ಷರ ಬ್ಯಾಡಿ. ಕಂಕಣ ಆಗ್ಲಿ, ಆಮ್ಯಾಕೆ ನಿಮ್ಮ ಬಾಯಿಗೆ ನಾನೇ ಸಕ್ಕರೆ ಹಾಕ್ತೀನಿ."

ಶ್ರೀಹರಿ ಅಂಗೈಯ ಸಂದಿನಿಂದ ಕಾರಿನಲ್ಲಿ ಎಂದೇನೋ ಶುರು ಮಾಡಿದ, ರಸ್ತೆಯ ಕಡೆ ಕೈ ತೋರಿಸಿದ. ಪುಟ್ಟರಂಗಪ್ಪನವರು ಅತ್ತ ನೋಡಿದರು. ಹೊಂಗೆ ಮರದ ಕೆಳಗೆ ಒಂದು ಕಾರು. ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆ ಸುತ್ತಿದ ಏನೋ. ಇವರು ಹೆಣವನ್ನೇ ಇಲ್ಲಿಗೆ ತಂದಿದ್ದಾರೆ. ಗಂಡುಮಕ್ಕಳಿಲ್ಲದ ಮುದುಕನಿಗೆ ಬೆಂಕಿ ಇಡಬೇಕಾದವನು ಇಲ್ಲಿ ಕೂತಿದ್ದಾನೆಂದು ಗುಡಿಯ ಬಾಗಿಲಿಗೇ ತಂದಿದ್ದಾರೆ. ಟವೆಲನ್ನು ಮೂಗಿಗೆ ಹಿಡಿದು, ಕಾರಿನ ಹತ್ತಿರಕ್ಕೂ ಹೋಗದೆ, ದೂರದಿಂದಲೇ ಡ್ರೈವರಿಗೆ ಕೈಸನ್ನೆ ಮಾಡಿ, ತಮ್ಮ ಕೊಬ್ಬರಿ ಮಂಡಿಯ ಅಂಗಳಕ್ಕೆ ಹೊಡೆಯಲು ಹೇಳಿದರು. ಅಲ್ಲಿ ನೆರಳಿದೆ, ಯಾರೂ ಬರುವುದಿಲ್ಲ. ಶ್ರೀಹರಿ ಪೆಚ್ಚಾಗಿ ನಿಂತ. ಯಜಮಾನರು ಕಂಕಣದ ಮುಂಚೆ ಯಾರ ಹತ್ತಿರವೂ ಮಾತಾಡಬಾರದೆಂಬ ಕಟ್ಟಳೆ ಇದ್ದೀತು, ತನಗೆ ತಿಳಿಯದು ಎಂದುಕೊಂಡು, ಹೇಳಿದ ಹಾಗೆ ಕಾರು ಹತ್ತಿದ.

ಭತ್ತದ ಕೋಣೆಗೆ ಒಂದು ಪುಟ್ಟ ಕಿಟಕಿ, ಅದು ರಸ್ತೆಯ ಕಡೆಗೆ. ಕಿವಿಗೆ ಹತ್ತಿ ಇತ್ತು, ಕಣ್ಣಿಗೆ ಏನೂ ಇರಲಿಲ್ಲ. ಶ್ರೀಹರಿ ಹೋದನೋ ಇಲ್ಲವೋ ನೋಡೋಣವೆಂದು ಲಕ್ಷ್ಮೀಪತಯ್ಯನವರು ಭತ್ತದಿಂದ ಎದ್ದು ಇಣುಕಿದರು. ಆ ಹೊತ್ತಿಗೆ ಸರಿಯಾಗಿ ಕಾರು ಹಿಂದಕ್ಕೆ ಸರಿದು ಗುಡಿಯ ಗೋಡೆಗೆ ತಾಗುವಷ್ಟು ಹತ್ತಿರ ತಿರುಗಿತು. ಗಾಜಿಗೆ ಒರಗಿದ ದೊಡ್ಡಪ್ಪನ ಮುಖ ಎರಡು ಮೊಳ ದೂರದಲ್ಲಿ ಬಂದು ನಿಂತಿತು. ಮೀಯಿಸಿ, ಹಣೆಗೆ ನಾಮ ತೀಡಿ, ಬಿಳಿಯ ಶಾಲು ಸುತ್ತಿದ್ದರು. ಬಾಯಿ ಅರ್ಧ ತೆರೆದಿತ್ತು. ಪಕ್ಕದಲ್ಲಿ ಮಗಳು ಅಳುಮುಖ ಮಾಡಿಕೊಂಡು ಅಪ್ಪನ ತಲೆ ಆತುಕೊಂಡಿದ್ದಳು. ಕಾರು ಕಲ್ಲೊಂದರ ಮೇಲೆ ಹತ್ತಿಳಿಯಿತು, ಶಾಲಿನೊಳಗಿಂದ ಬಿಳಿಚಿದ ಕೈಯೊಂದು ಗಾಜಿನ ತನಕ ಎದ್ದು ಬಿತ್ತು.

ಲಕ್ಷ್ಮೀಪತಯ್ಯನವರು ಕಿಟಕಿ ಎಳೆದು ಅಗುಳಿ ಹಾಕಿದರು.

ಅಲ್ಲೇ ಕುಸಿದು ಕೂತರು. ಶಲ್ಯದ ಅಂಚನ್ನು ಬಾಯಿಗೆ ತುರುಕಿಕೊಂಡರು. ಅತ್ತರೆ ಒಪ್ಪಿಕೊಂಡ ಹಾಗೆ, ಒಪ್ಪಿಕೊಂಡರೆ ಸೂತಕ. ಅವರು ಪ್ರಯೋಗಾಲಯದಲ್ಲಿ ದುಡಿದ ಮನುಷ್ಯ, ಕಾಲ ಬಂದಾಗ ತರ್ಕ ಕೈಕೊಡಲಿಲ್ಲ. ಕಂಡದ್ದು ಕೇಳಿದ್ದಲ್ಲ. ಶಾಸ್ತ್ರ ಹೇಳುವುದು ಕೇಳಿದರೆ ಅಂತ. ನನಗೆ ಯಾರೂ ಹೇಳಿಲ್ಲ. ಗಾಜು ಕೊಳೆಯಾಗಿತ್ತು. ನಾಮ ಹಾಕಿದ ಮುದುಕರು ಜಿಲ್ಲೆಯಲ್ಲಿ ಎಷ್ಟು ಜನ ಇಲ್ಲ. ಹೀಗೆ ತಮ್ಮ ಮುಂದೆ ತಾವೇ ವಕೀಲಿಕೆ ಮಾಡಿಕೊಂಡು, ತಾವೇ ತೀರ್ಪು ಕೊಟ್ಟುಕೊಂಡು, ಕಣ್ಣು ಒರೆಸಿಕೊಂಡರು. ಮಾಡುತ್ತಿರುವುದು ಪಾಪವೆಂದು ಅವರಿಗೆ ಗೊತ್ತಿತ್ತು. ಆದರೆ ಇದು ದೊಡ್ಡಪ್ಪನದೇ ಆಸೆ, ನಾನು ಕೂತರೆ ಅವರ ಆತ್ಮ ತಣಿಯುತ್ತೆ ಎಂದು ಆ ಪಾಪಕ್ಕೂ ಒಂದು ನಾಮ ಹಚ್ಚಿದರು.

ಹನ್ನೊಂದಾಗುತ್ತಲೇ ಅವರನ್ನು ಭತ್ತದಿಂದ ಕೊಡವಿ ತೆಗೆದು ಮಣೆಯ ಮೇಲೆ ಕೂರಿಸಿದರು. ಜಾನಕಮ್ಮ ಪಕ್ಕದಲ್ಲಿ ಕೂತರು. ಕೂದಲಿನಲ್ಲಿ ಭತ್ತ, ಕಿವಿಯಲ್ಲಿ ಹತ್ತಿ. ಕ್ಯಾಮೆರಾದವನು ಮೊದಲ ಸಲ ಅವರ ಪೂರ್ತಿ ಮುಖ ಹಿಡಿದ. ದೀಕ್ಷಿತರು ಅವರ ಕಿವಿಗೇ ಬಾಯಿಟ್ಟು ಕೂಗಿ ಸಂಕಲ್ಪ ಹೇಳಿಸಿದರು. ಹೆಸರು, ಗೋತ್ರ ಹೇಳುವಾಗ ಯಜಮಾನರು ತಡವರಿಸಿದರು, ಅದು ದೊಡ್ಡಪ್ಪನ ಗೋತ್ರವೂ ಹೌದು. ಅರಿಶಿನದ ದಾರವನ್ನು ಅವರ ಬಲಗೈಗೂ ಜಾನಕಮ್ಮನವರ ಎಡಗೈಗೂ ಸುತ್ತಿ ಗಂಟು ಹಾಕಿದ ಕೂಡಲೇ ಡೋಲು, ನಾಗಸ್ವರ ಒಟ್ಟಿಗೆ ಮೊಳಗಿದವು. ಪೇಟೆಯ ಆಚೆ ತುದಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಾರಿಸಿ ಎಂದು ಪುಟ್ಟರಂಗಪ್ಪನವರು ಮೊದಲೇ ಹೇಳಿದ್ದರು.

"ಆಯ್ತು," ಎಂದರು ದೀಕ್ಷಿತರು, ಯಜಮಾನರ ಕಿವಿ ಮುಟ್ಟಿ ತೋರಿಸುತ್ತ. "ಇನ್ನು ಈ ಕಂಕಣ ಬಿಚ್ಚೋ ತನಕ ನಿಮಗೆ ಏನೂ ಅಂಟೋದಿಲ್ಲ. ಹತ್ತಿ ತೆಗೀರಿ."

ಲಕ್ಷ್ಮೀಪತಯ್ಯನವರು ಹತ್ತಿ ತೆಗೆದರು. ಬೆಳಗಿನಿಂದ ತಡೆಹಿಡಿದ ದುಃಖಕ್ಕೆ ಈಗ ಪರವಾನಗಿ ಸಿಕ್ಕಿತ್ತು. ಮುಖವನ್ನು ಸುದ್ದಿಗೆ ತಕ್ಕ ಹಾಗೆ ಮಾಡಿಕೊಂಡು, ಶ್ರೀಹರಿಯನ್ನು ಕರೆಸಲು ಹೇಳಿದರು. ಮಂಡಿಗೆ ಹೋದವರು ಸ್ವಲ್ಪ ಹೊತ್ತಿನಲ್ಲೇ ಅವನನ್ನು ಕರೆತಂದರು. ಅವನ ಬೆಳಗಿನ ಮುಖಕ್ಕೂ ಈಗಿನ ಮುಖಕ್ಕೂ ಯಾರಿಗೂ ವ್ಯತ್ಯಾಸ ಕಾಣಲಿಲ್ಲ.

"ಹೇಳಪ್ಪ," ಎಂದರು ಲಕ್ಷ್ಮೀಪತಯ್ಯನವರು. "ದೊಡ್ಡಪ್ಪ ಹೋದದ್ದು ಯಾವಾಗ?"

"ಈಗಷ್ಟೇ ಭಾವ."

"ಈಗ ಅಂದ್ರೆ?"

"ಈಗಲೇ. ಮಂಡಿ ಅಂಗಳದಲ್ಲಿ. ನಿಮ್ಮ ವಾದ್ಯ ಕೇಳಿಸ್ತಲ್ಲ, ಆವಾಗ 'ಕಟ್ಟಿದ್ರು' ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಶ್ರೀಹರಿ ತನಗೆ ತಿಳಿದಂತೆ, ಒಂದೊಂದಾಗಿ ಎಲ್ಲವನ್ನೂ ಹೇಳಿದ. ಹಿಂದಿನ ಸಂಜೆಯಿಂದ ಮಾವನವರಿಗೆ ಒಂದೇ ಹಟ. ಪುಟ್ಟ ಕೂರುವುದನ್ನು ನೋಡಬೇಕು, ಹೊತ್ತುಕೊಂಡಾದರೂ ಕರೆದುಕೊಂಡು ಹೋಗಿ ಎಂದು. ಡಾಕ್ಟರು ಬೇಡವೆಂದರೂ ಕೇಳಲಿಲ್ಲ. ರಾತ್ರಿಯೆಲ್ಲ ಯಾರಿಗೂ ನಿದ್ದೆಯಿಲ್ಲ. ಬೆಳಗ್ಗೆ ಅವರೇ ಸ್ನಾನ ಮಾಡಿಸಿಕೊಂಡು ನಾಮ ಇಡಿಸಿಕೊಂಡರು. ಕಾರಿನಿಂದ ಇಳಿಸಿ ಕೂರಿಸಲು ಒಂದು ಕುರ್ಚಿ, ಎತ್ತಲು ಇಬ್ಬರು ಬೇಕು ಎಂದು ಹೇಳುವುದಕ್ಕೇ ಅವನು ಜಾವದಲ್ಲಿ ಫೋನು ಮಾಡಿದ್ದು. ಯಾರೂ ಎತ್ತಲಿಲ್ಲ. ಇಲ್ಲಿಗೆ ಬಂದು ಹೇಳಲು ನೋಡಿದ, ಬಾಯಿ ಮುಚ್ಚಿದರು. ಕಾರನ್ನು ಮಂಡಿಗೆ ಕಳಿಸಿದರು.

ಪುಟ್ಟರಂಗಪ್ಪನವರು ತಮ್ಮ ಅಂಗೈಯನ್ನು ನೋಡಿಕೊಂಡು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಲಕ್ಷ್ಮೀಪತಯ್ಯನವರಿಗೆ ಎಲ್ಲವೂ ಅರ್ಥವಾಗಿತ್ತು. ಹೋದ ತಿಂಗಳು ದೊಡ್ಡಪ್ಪ ಕೈ ಹಿಡಿದು ಹೇಳಿದ ಆ ಅರ್ಧ ಮಾತು ಏನೆಂದೂ ಈಗ ತಿಳಿಯಿತು. ಇಡೀ ಬೆಳಗ್ಗೆ ತಾವು ಓಡಿದ್ದು ಸಾವಿನ ಸುದ್ದಿಯಿಂದಲ್ಲ, ಬದುಕಿದ್ದಾರೆ ಎಂಬ ಸುದ್ದಿಯಿಂದ. ಕೇಳಿದ್ದರೆ ಸೂತಕವಿರಲಿ, ಒಂದು ಕುರ್ಚಿ ಹಾಕಬೇಕಾಗಿತ್ತು ಅಷ್ಟೆ. ಕುರ್ಚಿ ಹೊರುವ ಕೆಲಸ ಅವರಿಗೆ ಜೀವಮಾನವಿಡೀ ಗೊತ್ತಿದ್ದದ್ದೇ.

"ಕಿಟಕೀಲಿ ನನ್ನ..." ಎಂದರು.

"ನೋಡಿದ್ರು," ಎಂದ ಶ್ರೀಹರಿ. "ಕೈ ಎತ್ತಿದ್ರು ನಿಮಗೆ. ನೀವು ಕಿಟಕಿ ಹಾಕ್ಕೊಂಡ್ರಲ್ಲ, ಇವಳು ಬೇಜಾರು ಮಾಡ್ಕೊಂಡ್ಳು. ಮಾವನೇ 'ಸುಮ್ನಿರೇ, ಅವನು ಮಡೀಲಿದಾನೆ' ಅಂದ್ರು."

ಲಕ್ಷ್ಮೀಪತಯ್ಯನವರು ಮಣೆಯಿಂದ ಏಳಲು ಹೋದರು. ದೀಕ್ಷಿತರು ಭುಜ ಹಿಡಿದು ಕೂರಿಸಿದರು. ಅವರ ದನಿಯಲ್ಲಿ ಕರುಣೆ ಇತ್ತು, ಸಡಿಲು ಮಾತ್ರ ಇರಲಿಲ್ಲ. ಸೂತಕ ಇಲ್ಲ, ನಿಜ. ಹಾಗೆಂದು ಕಂಕಣದ ಕೈಯವನು ಹೆಣದ ಮುಂದೆ ನಿಲ್ಲುವ ಹಾಗಿಲ್ಲ, ಊರ ಎಲ್ಲೆ ದಾಟುವ ಹಾಗಿಲ್ಲ, ಚಿತೆಗೆ ಬೆಂಕಿ ಇಡುವ ಮಾತಂತೂ ಇಲ್ಲವೇ ಇಲ್ಲ. ಅಳಿಯ ಇದ್ದಾನಲ್ಲ, ಅವನು ಮಾಡಲಿ, ಶಾಸ್ತ್ರದಲ್ಲಿ ಅದಕ್ಕೂ ದಾರಿ ಇದೆ. ಕಂಕಣ ಬಿಚ್ಚಿದರೆ ಪ್ರತಿಷ್ಠೆ ಭಂಗ.

"ಬಿಚ್ಚಿ," ಎಂದರು ಲಕ್ಷ್ಮೀಪತಯ್ಯನವರು. ಯಾರಿಗೂ ಕೇಳಿಸಲಿಲ್ಲ. ಅವರ ದನಿ ಯಾವತ್ತೂ ಯಾರಿಗೂ ಕೇಳಿಸಿದ್ದಲ್ಲ. ಪಕ್ಕದಲ್ಲಿದ್ದ ಜಾನಕಮ್ಮನವರಿಗೆ ಮಾತ್ರ ಕೇಳಿಸಿತು. ಆಕೆ ತಮ್ಮ ಕೈಯ ಕಂಕಣ ನೋಡುತ್ತ ಕೂತರು.

ಮಂಡಿಯ ಅಂಗಳಕ್ಕೆ ಗೋಮೂತ್ರ ಹಾಕಿಸಬೇಕು, ಇಲ್ಲದಿದ್ದರೆ ಕೊಬ್ಬರಿ ಕೊಳ್ಳುವವರು ಬರುವುದಿಲ್ಲ ಎಂದು ಪುಟ್ಟರಂಗಪ್ಪನವರು ಆಳಿಗೆ ಹೇಳುತ್ತಿದ್ದುದು ಕೇಳಿಸಿತು. ಹೇಳಿ ಮುಗಿಸಿ ಯಜಮಾನರ ಹತ್ತಿರ ಬಂದು, "ಪುಣ್ಯವಂತರು ಸ್ವಾಮಿ, ವಾದ್ಯ ಕೇಳ್ತಾ ಹೋದ್ರು. ವರ್ಷದ ಪೂಜೆಗೂ ನೀವೇ ಕುಂತ್ಕಬೇಕು," ಎಂದರು. ಅವರ ಕಣ್ಣಲ್ಲೂ ನೀರಿತ್ತು, ಅದು ಸುಳ್ಳಲ್ಲ.

ಮಧ್ಯಾಹ್ನ ಕಾರು ಹಳ್ಳಿಯ ದಾರಿ ಹಿಡಿದ ಹೊತ್ತಿಗೆ, ಗುಡಿಯ ಮುಂದೆ ವಿಗ್ರಹವನ್ನು ನೀರಿನಲ್ಲಿ ಮಲಗಿಸಲು ತೊಟ್ಟಿ ತುಂಬಿ ನಿಂತಿತ್ತು. ಮೊದಲ ಕೈ ಯಜಮಾನರದು. ನಾಲ್ಕು ಜನ ಎತ್ತಿ ಹಿಡಿದರು. "ಮೆಲ್ಲಗೆ ಇಳಿಸಿ. ಯಜಮಾನರೇ, ತಲೆ ನೀವು ಆತ್ಕೊಳ್ಳಿ, ನೋವಾಗಬಾರದು," ಎಂದರು ದೀಕ್ಷಿತರು. ಲಕ್ಷ್ಮೀಪತಯ್ಯನವರು ಎರಡೂ ಕೈಯಲ್ಲಿ ಆ ತಲೆಯನ್ನು ಆತುಕೊಂಡರು, ನೀರು ಹಾಕಿ ಮೀಯಿಸಿದರು, ಮೇಲೆ ಬಿಳಿ ಬಟ್ಟೆ ಹೊದಿಸಿದರು. ಅವರ ಕೆನ್ನೆಯ ಮೇಲೆ ನೀರು ಸುರಿಯುತ್ತಲೇ ಇತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಸರೋಜಮ್ಮ ಪಕ್ಕದವರನ್ನು ತಿವಿದು ತೋರಿಸಿದರು. "ನೋಡಿ, ಭಕ್ತಿ ಅಂದ್ರೆ ಅದು."

ದೇವರಿಗೆ ಇನ್ನೂ ಕಣ್ಣು ತೆರೆಸಿರಲಿಲ್ಲ. ಅವನೂ ನೋಡಲಿಲ್ಲ.